ಕೊಳ್ಳಲು ಒಂದು ಸೇರು, ಮಾರಲು ಒಂದು ಸೇರು

(ಅರಸೀಕೆರೆಯಲ್ಲಿ ಕಬಡ್ಡಿ ಪಂದ್ಯಗಳ ಕೊನೆಯ ದಿನ, ಬಹುಮಾನ ವಿತರಣೆಗೆ ಮುಂಚೆ ಮಾಡಿದ ಭಾಷಣ)

ಬಹುಮಾನ ಹಂಚುವುದಕ್ಕೆ ಮುಂಚೆ ನಾಲ್ಕು ಮಾತು ಆಡಿ ಎಂದು ನನ್ನನ್ನು ನಿಲ್ಲಿಸಿದ್ದೀರಿ. ಗೆದ್ದವರ ಕಣ್ಣು ಮೇಜಿನ ಮೇಲಿನ ಕಪ್ಪಿನ ಮೇಲಿದೆ. ಸೋತವರ ಕಣ್ಣು ಬಸ್ ನಿಲ್ದಾಣದ ಕಡೆಗಿದೆ. ಬೇಲೂರಿನ ತಂಡದವರು ಬಾಣಾವರ, ಜಾವಗಲ್ಲು, ಹಳೇಬೀಡು ದಾಟಿ ಊರು ಸೇರಬೇಕು. ಆದ್ದರಿಂದ ಸುತ್ತಿ ಬಳಸಿ ಮಾತಾಡುವುದಿಲ್ಲ. ಮೊನ್ನೆ ಶನಿವಾರ ಈ ಅಂಗಳದಲ್ಲಿ ನಡೆದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿದೆ. ಅದನ್ನೇ ಹೇಳುತ್ತೇನೆ. ಹೊಗಳಿಕೆಯ ಭಾಷಣ ಬೇಕೆಂದಿದ್ದವರು ಕ್ಷಮಿಸಬೇಕು.

ಬೆಳಗಿನ ಪಂದ್ಯದಲ್ಲಿ ಒಬ್ಬ ಹುಡುಗ, ಅಂಗಡಿ ಬೀದಿಯ ಮನೆತನದವನು, ತಾನು ಔಟ್ ಎಂದು ತೀರ್ಪು ಬಂದಾಗ ಅಂಪೈರಿನ ಎದುರಿಗೆ ಹೋಗಿ ಕೈ ಬೀಸಿ ಜಗಳವಾಡಿದ. ಅವರ ಕೈಯಲ್ಲಿದ್ದ ಸೀಟಿಯನ್ನು ಕಿತ್ತು ನೆಲಕ್ಕೆ ಎಸೆದ. ನಾವೆಲ್ಲ ನಕ್ಕೆವು. "ಬಿಸಿರಕ್ತ ಸ್ವಾಮಿ, ಆಟದ ಹುಮ್ಮಸ್ಸು" ಎಂದೆವು. ಐದು ನಿಮಿಷದಲ್ಲಿ ಅವನು ಮತ್ತೆ ಆಡುತ್ತಿದ್ದ.

ಸಂಜೆಯ ಪಂದ್ಯದಲ್ಲಿ ಇನ್ನೊಬ್ಬ ಹುಡುಗ. ಅವನ ತಂದೆ ಕೊಬ್ಬರಿ ಮಂಡಿಯಲ್ಲಿ ಮೂಟೆ ಹೊರುವವನು. ಮನೆ ಯಾವ ಕೇರಿಯಲ್ಲಿದೆ ಎಂಬುದು ನಿಮಗೆ ಗೊತ್ತು. ಇವನೂ ಅಂಪೈರಿನ ಎದುರಿಗೆ ಹೋದ, ಇವನೂ ಕೈ ಬೀಸಿದ. ಸೀಟಿಯನ್ನು ಮುಟ್ಟಲಿಲ್ಲ. ಆಗ ಹಿಂದಿನ ಸಾಲಿನಿಂದ ಬಂದ ಮಾತೇನು? "ಎಷ್ಟಾದರೂ ಹುಟ್ಟಿನ ಬುದ್ಧಿ ಎಲ್ಲಿ ಹೋಗುತ್ತೆ?" ಅವನ ಮೈಬಣ್ಣದ ಮೇಲೂ ಒಂದು ಮಾತು ಬಂತು, ಅದನ್ನು ನಾನು ಈ ಮೈಕಿನಲ್ಲಿ ಆಡುವುದಿಲ್ಲ. ಹುಡುಗನನ್ನು ಹೊರಗೆ ಕಳಿಸಿದರು. ಇನ್ನೆರಡು ವರ್ಷ ಈ ಪಂದ್ಯಗಳಲ್ಲಿ ಅವನು ಆಡಕೂಡದೆಂದು ವ್ಯವಸ್ಥಾಪಕರು ಬರೆದುಕೊಂಡಿದ್ದಾರೆ.

ಇಲ್ಲಿ ವ್ಯಾಪಾರ ಮಾಡುವವರು ಬಹಳ ಮಂದಿ ಇದ್ದೀರಿ. ಸೇರು, ಪಾವು ಹೋಗಿ ಕಿಲೋ ಬಂದು ಅರವತ್ತು ವರ್ಷವಾಯಿತು. ಆದರೂ ಹಳೆಯ ಮಾತು ಮರೆತಿಲ್ಲ. ರೈತನಿಂದ ಕೊಳ್ಳುವಾಗ ಒಂದು ಸೇರು, ಗಿರಾಕಿಗೆ ಮಾರುವಾಗ ಇನ್ನೊಂದು ಸೇರು ಇಟ್ಟುಕೊಂಡವನನ್ನು ನೀವು ಏನೆಂದು ಕರೆಯುತ್ತೀರಿ? ಅಂಥವನ ಅಂಗಡಿಯ ಮೆಟ್ಟಿಲನ್ನು ಯಾರೂ ಹತ್ತುವುದಿಲ್ಲ. ಶನಿವಾರ ನಾವು ಒಂದೇ ತಪ್ಪನ್ನು ಎರಡು ಸೇರಿನಲ್ಲಿ ಅಳೆದೆವು. ನಾನೂ ಬೆಳಗ್ಗೆ ನಕ್ಕವನೇ, ಸಂಜೆ ಸುಮ್ಮನೆ ಕೂತವನೇ. ಹಾಗಾಗಿ ಈ ಮಾತಿನಲ್ಲಿ ನನ್ನನ್ನು ಹೊರಗಿಟ್ಟುಕೊಳ್ಳುವುದಿಲ್ಲ.

ನೋಡುವವರು ಕೂಗಿದರೆ ಏನಾಯಿತು, ಆಟವೇನು ನಿಲ್ಲುತ್ತದೆಯೇ ಎಂದು ಕೇಳುವವರಿದ್ದಾರೆ. ನಮ್ಮ ಸೀಮೆಯವರು ಈ ಪ್ರಶ್ನೆ ಕೇಳಬಾರದು. ಬೇಲೂರಿನ ಗುಡಿಯ ಬಾಗಿಲಲ್ಲಿ ಸಳ ಹುಲಿಯನ್ನು ಕೊಲ್ಲುತ್ತಿರುವ ಶಿಲ್ಪವನ್ನು ಎಲ್ಲರೂ ಕಂಡಿದ್ದೀರಿ. (ಹುಲಿಗಿಂತ ಸಿಂಹವನ್ನೇ ಹೆಚ್ಚು ಹೋಲುತ್ತದೆ, ಅದು ಬೇರೆ ಮಾತು.) ಅಂಗಡಿ ಗ್ರಾಮದಲ್ಲಿ ಹುಲಿ ಎರಗಿದಾಗ ಜೈನ ಗುರು ಸುದತ್ತರು "ಹೊಯ್ ಸಳ" ಎಂದು ಕೂಗಿದರು, ಸಳ ಹೊಯ್ದ, ಆ ಕೂಗೇ ವಂಶದ ಹೆಸರಾಯಿತು ಎಂದು ಐತಿಹ್ಯ. ಚರಿತ್ರೆಯೋ ಕಥೆಯೋ ಪಂಡಿತರು ತೀರ್ಮಾನಿಸಲಿ. ಬದಿಯಲ್ಲಿ ನಿಂತ ಒಬ್ಬನ ಕೂಗು ಒಂದು ರಾಜ್ಯಕ್ಕೆ ಹೆಸರು ಕೊಟ್ಟಿತೆಂದು ನಂಬುವ ನಾವು, ನಮ್ಮ ಕೂಗಿಗೆ ಬೆಲೆಯಿಲ್ಲವೆಂದು ಹೇಳುವುದು ಸರಿಯೇ? ಶನಿವಾರ ಆ ಹುಡುಗನಿಗೂ ಹೆಸರಿಟ್ಟದ್ದು ಒಂದು ಕೂಗೇ.

ಹೊರದೇಶದ ಮಾತು ತೆಗೆದರೆ ನಮಗೆ ನ್ಯಾಯ ಬಹಳ ಬೇಗ ಕಾಣುತ್ತದೆ. 1968ರ ಮೆಕ್ಸಿಕೋ ಒಲಿಂಪಿಕ್ಸನ್ನೇ ನೋಡಿ. ಇನ್ನೂರು ಮೀಟರ್ ಓಟದಲ್ಲಿ ಮೊದಲು ಬಂದ ಟಾಮಿ ಸ್ಮಿತ್, ಮೂರನೆಯವನಾದ ಜಾನ್ ಕಾರ್ಲೋಸ್, ಇಬ್ಬರೂ ಅಮೆರಿಕದ ಕಪ್ಪು ಜನ. ಪದಕ ಪಡೆಯುವಾಗ ಅವರು ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿ ನಿಂತರು. ಒಂದು ಮಾತಾಡಲಿಲ್ಲ, ಯಾರನ್ನೂ ಮುಟ್ಟಲಿಲ್ಲ. ಕ್ರೀಡೆಯಲ್ಲಿ ರಾಜಕೀಯ ತಂದರೆಂದು ಇಬ್ಬರನ್ನೂ ಕ್ರೀಡಾಕೂಟದಿಂದ ಹೊರಹಾಕಿದರು. ಆಗ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷನಾಗಿದ್ದವನು ಏವರಿ ಬ್ರಂಡೇಜ್. ಈ ಮಹಾಶಯನೇ 1936ರಲ್ಲಿ ಅಮೆರಿಕದ ಒಲಿಂಪಿಕ್ ಸಮಿತಿಯ ಅಧ್ಯಕ್ಷ. ಬರ್ಲಿನ್ನಿನ ಪದಕದ ವೇದಿಕೆಯ ಮೇಲೆ ಜರ್ಮನಿಯವರು ಹಿಟ್ಲರನ ಸಲಾಮು ಹೊಡೆದಾಗ ಆತ ಆಕ್ಷೇಪಿಸಲಿಲ್ಲ. ಚಾಚಿದ ಅಂಗೈ ರಾಜಕೀಯವಲ್ಲ, ಮಡಿಸಿದ ಮುಷ್ಟಿ ಮಾತ್ರ ರಾಜಕೀಯ!

ಟೆನಿಸ್ ಆಟದಲ್ಲೂ ಇದೇ ಕಥೆ. 2018ರ ಅಮೆರಿಕದ ಪಂದ್ಯಾವಳಿಯ ಅಂತಿಮ ಪಂದ್ಯದಲ್ಲಿ ಸೆರೆನಾ ವಿಲಿಯಮ್ಸ್ ರ್‍ಯಾಕೆಟ್ ಮುರಿದಳು, ಅಂಪೈರನ್ನು ಕಳ್ಳನೆಂದಳು. ದಂಡ ಬಿತ್ತು, 17,000 ಡಾಲರ್. ನಿಯಮದ ಪ್ರಕಾರ ಬೀಳಲಿ. ಆದರೆ ಮೆಲ್ಬರ್ನಿನ ಒಂದು ಪತ್ರಿಕೆ ಅವಳ ತುಟಿ, ಮೈಕಟ್ಟನ್ನು ವಿಕಾರ ಮಾಡಿ ವ್ಯಂಗ್ಯಚಿತ್ರ ಬರೆಯಿತು. ಜಗತ್ತಿನ ಅರ್ಧ ಜನ ಛೀ ಎಂದರು. ಹಿಂದೆ ಬಿಳಿಯ ಆಟಗಾರ ಜಾನ್ ಮೆಕೆನ್ರೋ ಎಷ್ಟು ಕೂಗಾಡಿರಲಿಲ್ಲ? ಅವನನ್ನೂ 1990ರಲ್ಲಿ ಆಸ್ಟ್ರೇಲಿಯಾದ ಪಂದ್ಯಾವಳಿಯಿಂದ ಹೊರಹಾಕಿದ್ದರು, ಅದನ್ನೂ ಹೇಳಲೇಬೇಕು; ಅರ್ಧ ಲೆಕ್ಕ ಒಪ್ಪಿಸುವುದು ನಮಗೆ ಸಲ್ಲದು. ಆದರೆ ಕಾಲ ಕಳೆದಂತೆ ಅವನು ವಿಂಬಲ್ಡನ್ನಿನಲ್ಲಿ ಅಂಪೈರಿನ ಮೇಲೆ ಕೂಗಿದ ಮಾತೇ ಅವನ ಆತ್ಮಕಥೆಯ ಹೆಸರಾಯಿತು. ಜನ ಅದನ್ನು ಪ್ರೀತಿಯಿಂದ ನೆನೆದು ನಗುತ್ತಾರೆ. ಅವನ ಸಿಟ್ಟು ಅವನೊಬ್ಬನ ಸ್ವಭಾವ. ಅವಳ ಸಿಟ್ಟನ್ನು ಬರೆಯುವವನಿಗೆ ಅವಳ ತುಟಿಯೇ ಕಂಡಿತು.

ಇದನ್ನೆಲ್ಲ ಕೇಳಿ ನೀವು ತಲೆದೂಗುತ್ತಿದ್ದೀರಿ. ಸಂತೋಷ. ಈಗ ಸ್ವಲ್ಪ ಮನೆಯೊಳಗೆ ಬರೋಣ.

2008ರ ಜನವರಿಯ ಸಿಡ್ನಿ ಟೆಸ್ಟ್ ನೆನಪಿದೆಯಲ್ಲವೇ? ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ ನಾಯಕ. ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸನನ್ನು ಹರ್ಭಜನ್ ಸಿಂಗ್ ಕೋತಿ ಎಂದರೆಂದು ದೂರು. ಮೂರು ಟೆಸ್ಟ್ ನಿಷೇಧ. ಮುಂದೆ ಮೇಲ್ಮನವಿಯಲ್ಲಿ ನ್ಯೂಜಿಲೆಂಡಿನ ನ್ಯಾಯಾಧೀಶ ಹ್ಯಾನ್ಸೆನ್ ವರ್ಣನಿಂದೆ ರುಜುವಾಗಲಿಲ್ಲವೆಂದು ನಿಷೇಧ ತೆಗೆದು, ಬೈಗುಳಕ್ಕೆ ಪಂದ್ಯದ ಸಂಭಾವನೆಯ ಅರ್ಧವನ್ನು ದಂಡ ಹಾಕಿದರು. ನಾವೆಲ್ಲ ರೇಡಿಯೋ, ಟೀವಿ ಮುಂದೆ ಕೂತು ಬಿಳಿಯರ ದರ್ಪದ ಮೇಲೆ ಭಾಷಣ ಬಿಗಿದೆವು. ಆಸ್ಟ್ರೇಲಿಯಾದವರು ಬಾಯಿಗೆ ಬಂದಂತೆ ಬೈದರೆ ಅದು ಗಟ್ಟಿತನ, ನಮ್ಮವರು ತಿರುಗಿ ಬೈದರೆ ಅನಾಗರಿಕತೆ, ಇದು ಯಾವ ನ್ಯಾಯ ಎಂದೆವು. ಆ ಪ್ರಶ್ನೆ ಸರಿಯಾದದ್ದೇ.

ಆದರೆ ಅದಕ್ಕೆ ಮೂರು ತಿಂಗಳ ಹಿಂದೆ, 2007ರ ಅಕ್ಟೋಬರಿನಲ್ಲಿ, ವಡೋದರದಲ್ಲಿ, ಆಮೇಲೆ ಮುಂಬಯಿಯಲ್ಲಿ ಏನು ನಡೆಯಿತು? ಅದೇ ಸೈಮಂಡ್ಸನ ಎದುರಿಗೆ ನಮ್ಮ ಪ್ರೇಕ್ಷಕರೇ ಕೋತಿಯ ಸದ್ದು ಮಾಡಿ ಕುಣಿದರು. ಅವನ ಮೈಯಲ್ಲಿ ವೆಸ್ಟ್ ಇಂಡೀಸಿನ ಕಪ್ಪು ಜನರ ರಕ್ತವಿತ್ತು, ಅದೇ ಕಾರಣ. ಅದೇ ತಂಡದ ಬಿಳಿಯ ಆಟಗಾರರೂ ನಮ್ಮನ್ನು ಕೆಣಕಿದ್ದರು, ಅವರಿಗೆ ಯಾರೂ ಕೋತಿಯ ಸದ್ದು ಮಾಡಲಿಲ್ಲ. ಮುಂಬಯಿಯಲ್ಲಿ ಪೊಲೀಸರು ಕೆಲವರನ್ನು ಹಿಡಿದದ್ದೇನೋ ನಿಜ. ಆದರೆ ಆಗ ನಮ್ಮ ಅಂಗಡಿ ಕಟ್ಟೆಗಳ ಮೇಲೆ, ಗಿರಣಿಯ ಬಾಗಿಲುಗಳಲ್ಲಿ ಎಷ್ಟು ಭಾಷಣಗಳಾದವು? ನನಗೆ ಒಂದೂ ನೆನಪಿಲ್ಲ. ಸೈಮಂಡ್ಸ್ 2022ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

ಡಾ. ರಾಮಮನೋಹರ ಲೋಹಿಯಾ 1964ರ ಮೇ ತಿಂಗಳಿನಲ್ಲಿ ಅಮೆರಿಕದ ಜ್ಯಾಕ್ಸನ್ ನಗರದ ಉಪಾಹಾರ ಗೃಹವೊಂದಕ್ಕೆ ಹೋದರು. ಬಿಳಿಯನಲ್ಲವೆಂದು ಬಾಗಿಲಲ್ಲಿ ತಡೆದರು. ಮಾರನೆಯ ದಿನ ಮತ್ತೆ ಹೋಗಿ ಪೊಲೀಸರ ಕೈಗೆ ಸಿಕ್ಕರು. ಅದೇ ಲೋಹಿಯಾ ನಮ್ಮಲ್ಲಿ ಬಿಳಿ ಚರ್ಮಕ್ಕೆ ಸಲ್ಲುವ ಪೂಜೆಯನ್ನೂ ಜಾತಿಯನ್ನೂ ಅಷ್ಟೇ ಕಟುವಾಗಿ ಬೈದವರು. ಅವರ ಹತ್ತಿರ ಇದ್ದದ್ದು ಒಂದೇ ಸೇರು.

ಕಪ್ಪು ಬಣ್ಣದ ಮಾತು ಬಂತು, ಆದ್ದರಿಂದ ಒಂದು ಸಣ್ಣ ಪ್ರಶ್ನೆ. ಬೇಲೂರಿಗೆ ನೆಂಟರು ಬಂದರೆ ನಾವು ದರ್ಪಣಸುಂದರಿಯನ್ನು ತೋರಿಸದೆ ಕಳಿಸುತ್ತೇವೆಯೇ? ಬಳಪದ ಕಲ್ಲಿನಲ್ಲಿ ಕಡೆದ ಆ ಮದನಿಕೆಯರ ಮೈ ಮಸಿಗಪ್ಪು. ಅದರ ಹೊಳಪನ್ನು ನೋಡಿ ಅಹಾ ಎನ್ನುತ್ತೇವೆ. ಅದೇ ಬಣ್ಣದ ಹುಡುಗ ಬೆವರಿನಲ್ಲಿ ಹೊಳೆಯುತ್ತ ಅಂಗಳಕ್ಕಿಳಿದರೆ ನಮ್ಮ ಬಾಯಿಗೆ ಬೇರೆ ಮಾತು ಬರುತ್ತದೆ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ಸಿದ್ದಿಗಳಿದ್ದಾರೆ. ಆಫ್ರಿಕದಿಂದ ನೂರಾರು ವರ್ಷಗಳ ಹಿಂದೆ ಬಂದವರ ಸಂತತಿ. ಕನ್ನಡ, ಕೊಂಕಣಿ ಮಾತಾಡುವ ನಮ್ಮ ಜನ. 1987ರಲ್ಲಿ ಭಾರತ ಕ್ರೀಡಾ ಪ್ರಾಧಿಕಾರದವರು ವಿಶೇಷ ಯೋಜನೆ ಮಾಡಿ ಅವರ ಮಕ್ಕಳನ್ನು ಓಟ, ನೆಗೆತ ಕಲಿಸಲು ಕರೆದುಕೊಂಡು ಹೋದರು. ಆಫ್ರಿಕದ ರಕ್ತವಿದೆ, ಒಲಿಂಪಿಕ್ ಪದಕ ಬರುತ್ತದೆ ಎಂಬುದು ಲೆಕ್ಕಾಚಾರ. ಮಕ್ಕಳು ರಾಷ್ಟ್ರಮಟ್ಟದಲ್ಲಿ ಗೆದ್ದರು. ಗೆದ್ದಾಗ "ರಕ್ತದ ಗುಣ" ಎಂದರು. 1993ರಲ್ಲಿ ಯೋಜನೆಯನ್ನೇ ನಿಲ್ಲಿಸಿದರು, ಮಕ್ಕಳು ಮನೆಗೆ ಮರಳಿದರು. ಬೆಳಗಿನ ಜಾವ ಎದ್ದು ಓಡಿದ ಅವರ ಕಾಲಿನ ಶ್ರಮವನ್ನು ಯಾರ ಖಾತೆಗೆ ಬರೆದರು? ಗೆದ್ದರೆ ರಕ್ತ, ಸೋತರೆ ಸೋಮಾರಿತನ. ಹೀಗೆ ಹೇಳಿದರೆ ಆ ಮನುಷ್ಯ ಮಾಡಿದ್ದು ಎಲ್ಲಿಯೂ ಲೆಕ್ಕಕ್ಕೆ ಸೇರುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರು ಕೆತ್ತಿಟ್ಟರು. ಒಂಬತ್ತು ನೂರು ವರ್ಷದ ಹಿಂದಿನ ಕಲ್ಲುಕುಟಿಗನಿಗೆ ಸಿಕ್ಕ ಮರ್ಯಾದೆ ಇಂದಿನ ಓಟಗಾರನಿಗೆ ಸಿಕ್ಕಲಿಲ್ಲ.

ಒಬ್ಬನ ತಪ್ಪನ್ನು ಇಡೀ ಬಣ್ಣದ ಲೆಕ್ಕಕ್ಕೆ ಬರೆಯುವುದು ಎಲ್ಲಿಗೆ ಮುಟ್ಟುತ್ತದೆಂದು 2016ರ ಜನವರಿ ಕೊನೆಯಲ್ಲಿ ಬೆಂಗಳೂರು ತೋರಿಸಿತು. ಸೂಡಾನಿನ ಒಬ್ಬನ ಕಾರು ಬಡಿದು ಒಬ್ಬ ಹೆಂಗಸು ಸತ್ತರು. ಆಮೇಲೆ ಆ ದಾರಿಯಲ್ಲಿ ಬಂದ, ಅದಕ್ಕೂ ತನಗೂ ಸಂಬಂಧವೇ ಇಲ್ಲದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಅದು ಆಟವಲ್ಲ, ಬೀದಿ. ಆದರೆ ಆ ಬುದ್ಧಿಗೆ ತಾಲೀಮು ನಡೆಯುವುದು ಆಟದ ಅಂಗಳದ ಹಿಂದಿನ ಸಾಲಿನಲ್ಲೇ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿದ್ದ ಮನುಷ್ಯನ ಕಥೆಗೆ ಬರುತ್ತೇನೆ. ಪಳವಣಕರ ಬಾಳೂ ಎಂಬ ಹೆಸರನ್ನು ಎಷ್ಟು ಮಂದಿ ಕೇಳಿದ್ದೀರಿ? ಕೈ ಎತ್ತಿ. ಎರಡು, ಮೂರು. ಇದು ನಮ್ಮ ನಾಚಿಕೆ. ಏಕೆಂದರೆ ಈತ ಹುಟ್ಟಿದ್ದು ನಮ್ಮ ಧಾರವಾಡದಲ್ಲಿ, 1876ರಲ್ಲಿ. ಚಮ್ಮಾರರ ಮನೆಯ ಮಗ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನ ಅಂಗಳ ಉರುಳಿಸಿ, ಬಲೆ ಕಟ್ಟಿ, ದೊರೆಗಳಿಗೆ ಅಭ್ಯಾಸಕ್ಕೆ ಚೆಂಡು ಎಸೆಯುವ ಕೂಲಿ. ತಿಂಗಳಿಗೆ ನಾಲ್ಕು ರೂಪಾಯಿ. ಎಸೆದೂ ಎಸೆದೂ ಎಡಗೈ ಸ್ಪಿನ್ನಿನಲ್ಲಿ ಅವನ ಸಮ ಈ ದೇಶದಲ್ಲಿ ಇನ್ನೊಬ್ಬನಿಲ್ಲ ಎನ್ನುವಂತಾಯಿತು. ಆಗ ಪುಣೆಯ ಹಿಂದೂ ಕ್ಲಬ್ಬಿಗೆ ಅವನು ಬೇಕಾದ. ಬಿಳಿಯರನ್ನು ಸೋಲಿಸಬೇಕಲ್ಲ!

ಕರೆದುಕೊಂಡರು. ಹೇಗೆ? ಅಂಗಳದಲ್ಲಿ ಅವನು ಎಸೆದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಅದೇ ಚೆಂಡು ಎಲ್ಲರ ಕೈ ಸುತ್ತಿ ಬರುತ್ತಿತ್ತು. ಚಹದ ಹೊತ್ತಿಗೆ ಮಿಕ್ಕವರು ಒಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಬಾಳೂಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ಎಲೆ, ಬೇರೆ ಜಾಗ. ಅವನ ಕೈಯ ಚೆಂಡಿಗೆ ಮೈಲಿಗೆಯಿಲ್ಲ, ಬಟ್ಟಲಿಗೆ ಮಾತ್ರ ಮೈಲಿಗೆ. ವಿಕೆಟ್ ಬೇಕಾದಾಗ ಒಂದು ಸೇರು, ಚಹಾ ಕೊಡುವಾಗ ಒಂದು ಸೇರು.

1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಬಹುತೇಕ ಪಂದ್ಯಗಳನ್ನು ಸೋತಿತು. ಬಾಳೂ ಒಬ್ಬನೇ 114 ವಿಕೆಟ್ ತೆಗೆದ. ಆದರೂ ಮುಂಬಯಿಯ ಪಂದ್ಯಾವಳಿಯಲ್ಲಿ ಹಿಂದೂ ತಂಡದ ನಾಯಕನ ಪಟ್ಟ ವರ್ಷ ವರ್ಷವೂ ಬೇರೆಯವರಿಗೆ ಹೋಯಿತು. ಆಟದಲ್ಲಿ ಮುಂದು, ಪಟ್ಟದಲ್ಲಿ ಹಿಂದು.

1920ರಲ್ಲಿ ಬಾಳೂವನ್ನು ತಂಡದಿಂದಲೇ ಬಿಟ್ಟರು. ನಾಯಕ ಪೈ ಅವರಿಗೆ ಕಾಯಿಲೆಯಾದಾಗ ಬಾಳೂವಿನ ತಮ್ಮ ವಿಠ್ಠಲನ ಹಿರಿತನವನ್ನು ಬದಿಗಿಟ್ಟು ದೇವಧರರನ್ನು ನಾಯಕರನ್ನಾಗಿ ಮಾಡಿದರು. ಆಗ ವಿಠ್ಠಲ, ಶಿವರಾಮ, ಇಬ್ಬರು ತಮ್ಮಂದಿರೂ ತಂಡದಿಂದ ಹೊರಬಂದರು. ಬಂದದ್ದು ಸದ್ದಿಲ್ಲದೆ ಅಲ್ಲ. ಏಕೆ ಬಂದೆವೆಂದು ಜನರ ಮುಂದೆ ಹೇಳಿಯೇ ಬಂದರು.

ಸ್ನೇಹಿತರೇ, ಈ ನಡವಳಿಕೆಗೆ ಏನೆಂದು ಹೆಸರಿಡುತ್ತೀರಿ? ದೊಡ್ಡ ಮನೆತನದ ಆಟಗಾರ ಹೀಗೆ ಮಾಡಿದ್ದರೆ ಸ್ವಾಭಿಮಾನಿ ಎನ್ನುತ್ತಿದ್ದೆವು. ಚಮ್ಮಾರರ ಮಗ ಮಾಡಿದರೆ ಅಹಂಕಾರ, ಶಿಸ್ತಿಲ್ಲ, ಉಪಕಾರ ಸ್ಮರಣೆ ಇಲ್ಲ ಎನ್ನುವ ನಾಲಗೆ ಇಂದಿಗೂ ನಮ್ಮ ನಡುವೆ ಇದೆ. ಆದರೆ ಆ ಇಬ್ಬರ ಹಟ ವ್ಯರ್ಥವಾಗಲಿಲ್ಲ. ಅದೇ ಪಂದ್ಯಾವಳಿಯ ಕೊನೆಯ ಪಂದ್ಯಕ್ಕೆ ಅಣ್ಣನನ್ನು ಉಪನಾಯಕನನ್ನಾಗಿ ಕರೆಯಬೇಕಾಯಿತು, ತಮ್ಮಂದಿರೂ ಮರಳಿದರು. ನಾಯಕ ಪೈ ಸ್ವಲ್ಪ ಹೊತ್ತು ಅಂಗಳ ಬಿಟ್ಟು ಹೋಗಿ ಬಾಳೂ ತಂಡವನ್ನು ನಡೆಸುವಂತೆ ಮಾಡಿದರು. ಅವರ ಆ ಔದಾರ್ಯವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. 1923ರಲ್ಲಿ ವಿಠ್ಠಲನೇ ನಾಯಕನಾದ, ತಂಡ ಗೆದ್ದಿತು. ಬಾಳೂ 1955ರಲ್ಲಿ ತೀರಿಕೊಂಡ. ತನ್ನ ತಂಡದ ನಾಯಕನ ಪಟ್ಟ ಅವನಿಗೆ ಕೊನೆಗೂ ಬರಲಿಲ್ಲ.

ಅದು ನೂರು ವರ್ಷದ ಹಿಂದಿನ ಮಾತು, ಈಗ ಎಲ್ಲಿದೆ ಎನ್ನಬೇಡಿ. 2021ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ. ಜನವರಿಯಲ್ಲಿ ಸಿಡ್ನಿಯ ಪ್ರೇಕ್ಷಕರು ಮಹಮ್ಮದ್ ಸಿರಾಜನನ್ನು ಬೈದರು. ಆಟ ನಿಂತಿತು, ಕೆಲವರನ್ನು ಹೊರಗೆ ಕಳಿಸಿದರು, ಆಸ್ಟ್ರೇಲಿಯಾದ ಮಂಡಳಿ ಕ್ಷಮೆ ಕೇಳಿತು. ದೇಶಕ್ಕೆ ದೇಶವೇ ಸಿರಾಜನ ಹಿಂದೆ ನಿಂತಿತು. ಆಗಸ್ಟಿನಲ್ಲಿ ಒಲಿಂಪಿಕ್ ಹಾಕಿಯಲ್ಲಿ ನಮ್ಮ ಹೆಣ್ಣುಮಕ್ಕಳು ಅರ್ಜೆಂಟೀನಾಕ್ಕೆ ಸೋತರು. ವಂದನಾ ಕಟಾರಿಯಾ ಕೆಲವೇ ದಿನಗಳ ಮುಂಚೆ ದಕ್ಷಿಣ ಆಫ್ರಿಕದ ಮೇಲೆ ಮೂರು ಗೋಲು ಹೊಡೆದಿದ್ದಳು. ಹರಿದ್ವಾರದ ಹತ್ತಿರ ಅವಳ ಮನೆಯ ಮುಂದೆ ಪಟಾಕಿ ಹಚ್ಚಿ, ದಲಿತರು ಹೆಚ್ಚಾದ್ದರಿಂದ ತಂಡ ಸೋತಿತೆಂದು ಬೈದರು. ಅಕ್ಟೋಬರಿನಲ್ಲಿ ದುಬಾಯಿಯಲ್ಲಿ ಪಾಕಿಸ್ತಾನ ನಮ್ಮನ್ನು ಹತ್ತು ವಿಕೆಟ್ಟಿನಿಂದ ಸೋಲಿಸಿತು. ಹತ್ತು ವಿಕೆಟ್ ಎಂದರೇನು? ನಮ್ಮ ಬೌಲರುಗಳಲ್ಲಿ ಯಾರಿಗೂ ಒಂದು ವಿಕೆಟ್ಟೂ ಸಿಗಲಿಲ್ಲ ಎಂದರ್ಥ. ಆದರೆ ದ್ರೋಹಿ ಎನಿಸಿಕೊಂಡವನು ಒಬ್ಬನೇ, ಮಹಮ್ಮದ್ ಶಮಿ. ಅಂದು ನಾಯಕನಾಗಿದ್ದ ವಿರಾಟ್ ಕೊಹ್ಲಿ ಅವನ ಪರ ನಿಂತು ಮಾತಾಡಿದ್ದು ಶ್ಲಾಘನೀಯ. ಜನವರಿಯಲ್ಲಿ ಸಿರಾಜನಿಗಾಗಿ ಕಣ್ಣೀರಿಟ್ಟ ಬಾಯಿಗಳೇ ಅಕ್ಟೋಬರಿನಲ್ಲಿ ಶಮಿಯನ್ನು ಬೈದಿರಲಾರವು ಎಂದು ಧೈರ್ಯವಾಗಿ ಹೇಳಬಲ್ಲವರು ಯಾರು?

ಹಾಗೆಂದು ಎಲ್ಲದಕ್ಕೂ ಹುಟ್ಟನ್ನೇ ಕಾರಣ ಮಾಡುವುದೂ ಕಳ್ಳ ತೂಕವೇ. ನಮ್ಮ ಅರಸೀಕೆರೆಯಲ್ಲೇ 1971ರಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್, ತನ್ನ ಹೆಸರಿನಲ್ಲಿ ಜಾವಗಲ್ಲನ್ನು ಹೊತ್ತ ಶ್ರೀನಾಥ್ ಗಾಯಗೊಂಡಾಗ, 1996ರ ಅಕ್ಟೋಬರಿನಲ್ಲಿ ದೆಹಲಿಯ ಟೆಸ್ಟಿನಲ್ಲಿ ಆಡಿದ. ಒಂದೇ ತಾಲ್ಲೂಕಿನ ಎರಡು ಹೆಸರು, ಎರಡೂ ವೇಗದ ಬೌಲರುಗಳದ್ದು! ಜಾನ್ಸನ್ನನಿಗೆ ಸಿಕ್ಕಿದ್ದು ಎರಡೇ ಟೆಸ್ಟ್, ಮೂರೇ ವಿಕೆಟ್. 2024ರ ಜೂನಿನಲ್ಲಿ ಆತ ತೀರಿಕೊಂಡ. ಆತ ಮುಂದೆ ಆಡದೆ ಹೋದದ್ದು ಹುಟ್ಟಿನಿಂದ ಎಂದು ನಾನು ಹೇಳುವುದಿಲ್ಲ, ಹಾಗೆನ್ನಲು ನನ್ನ ಹತ್ತಿರ ಆಧಾರವಿಲ್ಲ. ನಮ್ಮೂರಿನವನೆಂದು ನಾವು ಅವನನ್ನು ನೆನೆಯಲಿಲ್ಲ, ಅದಷ್ಟು ನನಗೆ ಗೊತ್ತು.

ಶನಿವಾರದ ವಿಷಯಕ್ಕೆ ಆಧಾರವಿದೆ. ಮುನ್ನೂರು ಜನ ನೋಡಿದ್ದೀರಿ. ಅಂಪೈರಿನ ಮೇಲೆ ಕೈ ಬೀಸುವುದು ತಪ್ಪು. ಆ ಹುಡುಗ ಮಾಡಿದ್ದು ಸರಿಯೆಂದು ಹೇಳಲು ನಾನು ನಿಂತಿಲ್ಲ. ಒಂದು ಪಂದ್ಯ ಹೊರಗೆ ಕೂರಿಸುವುದಾದರೆ ಇಬ್ಬರನ್ನೂ ಕೂರಿಸಿ. ಎರಡು ವರ್ಷವಾದರೆ ಇಬ್ಬರಿಗೂ ಎರಡು ವರ್ಷ. ಬುದ್ಧಿ ಹೇಳಿ ಬಿಡುವುದಾದರೆ ಇಬ್ಬರಿಗೂ ಹೇಳಿ ಬಿಡಿ. ಹದಿನೆಂಟರ ಹುಡುಗನಿಗೆ ಎರಡು ವರ್ಷವೆಂದರೆ ಸಣ್ಣದಲ್ಲ. ಮುಂದಿನ ವರ್ಷ ಜಿಲ್ಲಾ ತಂಡಕ್ಕೆ ಆರಿಸುವಾಗ ಅವನ ಹೆಸರು ಇರಬೇಕೋ ಬೇಡವೋ ಎಂಬುದು ಈ ಕಾಗದದ ಮೇಲೆ ನಿಂತಿದೆ.

ಮೊದಲ ಹುಡುಗನ ತಂದೆ ನನಗೆ ಹಳೆಯ ಸ್ನೇಹಿತರು. ನಿನ್ನೆ ಅವರ ಅಂಗಡಿಗೆ ಹೋಗಿದ್ದೆ. ಮಾತು ತೆಗೆಯಲು ನನಗೇ ಸಂಕೋಚ. ಅವರೇ ಗಲ್ಲಾ ಮುಚ್ಚಿ, "ಮೇಷ್ಟ್ರೇ, ಸೀಟಿ ಎಸೆದದ್ದು ನನ್ನ ಮಗ. ಆ ಹುಡುಗ ಎಸೆಯಲಿಲ್ಲ. ನಾನೂ ಅಲ್ಲೇ ಕೂತಿದ್ದೆನಲ್ಲ" ಎಂದರು. ಸಮಿತಿಯ ಮುಂದೆ ಬಂದು ಇದನ್ನೇ ಹೇಳುತ್ತೇನೆ ಎಂದಿದ್ದಾರೆ.

ಸಮಿತಿ ಇಂದು ರಾತ್ರಿ ಎಂಟು ಗಂಟೆಗೆ ಸೇರುತ್ತದೆ. ನಾನು ಹೋಗುತ್ತೇನೆ. ಶನಿವಾರ ಎರಡೂ ಪಂದ್ಯಗಳನ್ನು ನೋಡಿದವರು ದಯವಿಟ್ಟು ಬಂದು, ಕಂಡದ್ದನ್ನು ಕಂಡಷ್ಟೇ ಹೇಳಿ. ಆ ಹುಡುಗ ಅಲ್ಲಿ ಹಿಂದೆ, ಕಂಬದ ಹತ್ತಿರ ನಿಂತಿದ್ದಾನೆ. ತಮ್ಮಾ, ಮುಂದೆ ಬಾ, ಇಲ್ಲಿ ಕುರ್ಚಿ ಖಾಲಿ ಇದೆ. ಇನ್ನು ಬಹುಮಾನ ಕೊಡಲು ಶುರು ಮಾಡಿ, ಬೇಲೂರಿನವರಿಗೆ ಬಸ್ಸಿನ ಹೊತ್ತಾಯಿತು.